ಒಂದೇ ಗಂಟೆಯ ಮಂಗಳೂರು

ಬೆಂಗಳೂರಿನಿಂದ ಮಂಗಳೂರಿಗೆ ಆಕಾಶದ ದಾರಿ ಸುಮಾರು 306 ಕಿಲೋಮೀಟರು. ಗಂಟೆಗೆ 800 ಕಿಲೋಮೀಟರು ಹಾರಬಲ್ಲ ಜೆಟ್ ವಿಮಾನಕ್ಕೆ ಅದು 23 ನಿಮಿಷದ ಕೆಲಸ. ಟಿಕೆಟ್ಟಿನಲ್ಲಿ ಮಾತ್ರ ಒಂದು ಗಂಟೆ ಅಂತಿತ್ತು. ವಿಮಾನದವರ ಗಡಿಯಾರ ಓಡಲು ಶುರುವಾಗುವುದು ನೆಲ ಬಿಟ್ಟಾಗ ಅಲ್ಲ, ನಿಂತ ಜಾಗದಿಂದ ಕದಲಿದಾಗ. ನಿಲ್ಲುವುದು ಆ ತುದಿಯಲ್ಲಿ ವಿಮಾನ ಪೂರ್ತಿ ನಿಂತ ಮೇಲೆ. ನಡುವೆ ರನ್‌ವೇ ತನಕ ಎತ್ತಿನ ಗಾಡಿಯ ಹಾಗೆ ಸಾಗಬೇಕು, ಸರದಿ ಕಾಯಬೇಕು, ಏರಬೇಕು, ಏರಿ ಸುಧಾರಿಸಿಕೊಳ್ಳುವಷ್ಟರಲ್ಲಿ ಇಳಿಯಬೇಕು. ಆಯ್ತಪ್ಪ, ಒಂದು ಗಂಟೆ ಅಂತಲೇ ಇಟ್ಟುಕೊಂಡೆ.

ಹೆಂಡತಿಯ ಅಕ್ಕ ಕದ್ರಿಯಲ್ಲಿ ಮನೆ ಕಟ್ಟಿಸಿದ್ದರು. ಒಕ್ಕಲಿನ ಮುಹೂರ್ತ ಬೆಳಿಗ್ಗೆ 9.20ಕ್ಕೆ. ಹೆಂಡತಿ ನಾಲ್ಕು ದಿನ ಮೊದಲೇ ಹೋಗಿದ್ದಳು. "ಭಾವಾ, ರಾತ್ರಿ ಬಸ್ಸಿಗೆ ಒಟ್ಟಿಗೇ ಹೋಗುವ" ಎಂದ ಭಾವಮೈದ. "ನೀನು ಹಾಸನ ದಾಟುವಾಗ ನಾನು ಮನೆಯಲ್ಲಿ ಗೊರಕೆ ಹೊಡೀತಿರ್ತೀನಿ ಮಾರಾಯ" ಎಂದೆ.

ಅವನು ಹಾಸನ ದಾಟುವ ಹೊತ್ತಿಗೆ, ಅಂದರೆ ರಾತ್ರಿ ಎರಡಕ್ಕೆ, ನಾನು ತಣ್ಣೀರಲ್ಲಿ ಮುಖ ತೊಳೆಯುತ್ತಿದ್ದೆ. ಗೊರಕೆ ಹೊಡೆಯುತ್ತಿದ್ದವನು ಅವನು.

ಮೂರಕ್ಕೆ ಟ್ಯಾಕ್ಸಿ ಹತ್ತಿ ಮೊಬೈಲಿನಲ್ಲಿ ನಕ್ಷೆ ತೆರೆದದ್ದೇ ತಪ್ಪಾಯಿತು. ಮಂಗಳೂರು ಇರುವುದು ಪಶ್ಚಿಮಕ್ಕೆ. ಕಾರು ಓಡುತ್ತಿದ್ದದ್ದು ಈಶಾನ್ಯಕ್ಕೆ. ಬನಶಂಕರಿಯ ನಮ್ಮ ಮನೆಯಿಂದ ಬಜ್ಪೆ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ 290 ಕಿಲೋಮೀಟರಿಗೂ ಒಂದೆರಡು ಕಡಿಮೆ. ದೇವನಹಳ್ಳಿಯಿಂದ ಎಳೆದರೆ 306. ಎಂದರೆ ನಿದ್ದೆಗೆಟ್ಟು, ಟ್ಯಾಕ್ಸಿ ಬಾಡಿಗೆ ತೆತ್ತು, ಟೋಲನ್ನೂ ಕಟ್ಟಿ ನಾನು ಮಂಗಳೂರಿನಿಂದ 17-18 ಕಿಲೋಮೀಟರು ಇನ್ನಷ್ಟು ದೂರ ಹೋಗಿದ್ದೆ. ಡ್ರೈವರಿಗೆ ಇದನ್ನು ವಿವರಿಸಿದೆ. ಆತ ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ, "ವಾಪಸ್ ತಿರುಗಿಸ್ಲಾ ಸಾರ್?" ಎಂದ.

ದೇವನಹಳ್ಳಿಯ ಜನವರಿ ಮಂಜಿಗೆ ಯಾರ ಮುಲಾಜೂ ಇಲ್ಲ. ಗಾಜಿನಾಚೆ ವಿಮಾನದ ಬಾಲ ಮಾತ್ರ ಕಾಣುತ್ತಿತ್ತು, ಹೊಟ್ಟೆ ಇತ್ತೋ ಇಲ್ಲವೋ. 6.15ಕ್ಕೆ ಹೊರಡಬೇಕಾದದ್ದು ಏಳಾಯಿತು, ಎಂಟಾಯಿತು. ಅಷ್ಟರಲ್ಲಿ, ಆರು ಗಂಟೆಗೇ, ಭಾವಮೈದನ ಫೋನು ಬಂದಿತ್ತು: "ತಲುಪಿದೆ ಭಾವಾ. ನೀವು ಎಲ್ಲಿ?"

"ಬೆಂಗಳೂರಿನಲ್ಲಿ."

8.45ಕ್ಕೆ ಕದಲಿದೆವು. ಉಪ್ಪಿಟ್ಟು ಕೊಂಡೆ. ಅದು ಉಪ್ಪಿಟ್ಟಲ್ಲ, ಲೋಟದಲ್ಲಿ ಒಣ ರವೆ. ಬಿಸಿನೀರು ಹೊಯ್ದು ಮುಚ್ಚಿ ಎಂಟು ನಿಮಿಷ ಕಾಯಬೇಕು. ಕಾದೆ. ಮುಚ್ಚಳ ತೆರೆದರೆ ಒಂದು ಬಟಾಣಿ, ಮೇಲೆ ತೇಲುವ ಎರಡು ಕರಿಬೇವು. ಚಮಚ ಅದ್ದುವಷ್ಟರಲ್ಲಿ ಗಗನಸಖಿ ಬಂದು, ಇಳಿಯುತ್ತಿದ್ದೇವೆ, ಎದುರಿನ ಹಲಗೆ ಮಡಚಿ ಎಂದರು. ಬಾಲ್ಯದಲ್ಲಿ ನನ್ನನ್ನು ಪ್ರತಿ ತಿರುವಿನಲ್ಲೂ ವಾಂತಿ ಮಾಡಿಸಿದ್ದ ಶಿರಾಡಿ ಘಾಟಿ, ರವೆ ನೆನೆಯುವಷ್ಟರಲ್ಲಿ ಎಲ್ಲೋ ಹಿಂದೆ ಸರಿದಿತ್ತು. ಒಂದಿಷ್ಟು ಬೇಸರವೂ ಆಯಿತು, ನಿಜ ಹೇಳಬೇಕೆಂದರೆ.

ಬಜ್ಪೆ ಗುಡ್ಡದ ನೆತ್ತಿಯಲ್ಲಿಳಿದು, ಮರವೂರು ಸೇತುವೆ ದಾಟಿ, ಕಾವೂರು, ಬೋಂದೆಲ್ ಹಾದು ಕದ್ರಿ ಮುಟ್ಟಿದಾಗ ಹತ್ತೂವರೆ. ಮೂರರಿಂದ ಹತ್ತೂವರೆ: ಏಳೂವರೆ ಗಂಟೆ. ಬಸ್ಸಿನಲ್ಲಿ ಬಂದವನದೂ ಅಷ್ಟೇ. ಅವನು ಮಿಂದು, ಪಂಚೆಯುಟ್ಟು, ನೀರುದೋಸೆ ಮುಗಿಸಿ ಬಾಗಿಲಲ್ಲಿ ಬಂದವರಿಗೆ ಪನ್ನೀರು ಎರಚುತ್ತಿದ್ದ. ನನಗೆ ಎರಡು ಸಲ ಎರಚಿದ.

ಒಳಗೆ ಅತ್ತೆಯವರು ಕುರ್ಚಿಯಲ್ಲಿ ಕೂತಿದ್ದರು. "ಅಳಿಯಂದಿರು ವಿಮಾನದಲ್ಲಿ ಬಂದದ್ದಂತೆ. ಎಷ್ಟು ಹೊತ್ತು ಬೇಕಾಯಿತು?"

ಸುತ್ತ ನೆಂಟರಿದ್ದರು. ಟಿಕೆಟ್ಟಿನ ಮರ್ಯಾದೆ ಉಳಿಸಲು "ಒಂದೇ ಗಂಟೆ" ಎಂದೆ.

"ಹಾಗಾದರೆ ಬೇಗ ಎದ್ದು ಹೊರಡಬಹುದಿತ್ತಲ್ಲ" ಎಂದರು ಅತ್ತೆ.