ತಡೆಯಾಜ್ಞಾ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕೂ ಇರಬೇಕೆಂದು ಹಿರಿಯರು ವಿಧಿಸಿದ್ದಾರೆ. ತಡೆಯಾಜ್ಞಾಶಾಸ್ತ್ರದಲ್ಲಿ ವಿಷಯವೆಂದರೆ ಸಾಮಾನ್ಯವಾಗಿ ಮೂವತ್ತು ನಲವತ್ತರ ಸೈಟು. ಅಧಿಕಾರಿ, ಅಂದರೆ ಶಾಸ್ತ್ರಕ್ಕೆ ಅರ್ಹನಾದವನು, ಮೊದಲು ಕೋರ್ಟಿಗೆ ಓಡಿದವನು. ಸಂಬಂಧ, ದಾಯಾದಿ ಸಂಬಂಧ. ಪ್ರಯೋಜನ ಏನೆಂಬಲ್ಲಿ ಮಾತ್ರ ವಿದ್ವಾಂಸರು ಎರಡು ಪಂಥವಾಗಿ ಒಡೆದಿದ್ದಾರೆ.

ಮೊದಲನೆಯದು ಗ್ರಂಥಪಂಥ. ಇವರ ಮೂಲಗ್ರಂಥ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, ಅದರಲ್ಲೂ 39ನೇ ಆದೇಶ. ದಾವೆ ತೀರ್ಮಾನವಾಗುವ ತನಕ ಆಸ್ತಿ ಹಾಳಾಗದಂತೆ, ಪರಭಾರೆಯಾಗದಂತೆ, ಇದ್ದದ್ದನ್ನು ಇದ್ದ ಹಾಗೆ ಕಾಯುವುದಷ್ಟೇ ತಾತ್ಕಾಲಿಕ ತಡೆಯಾಜ್ಞೆಯ ಕೆಲಸ ಎಂಬುದು ಇವರ ಮತ. ಬೇಡುವವನು ಮೂರು ಸಂಗತಿ ತೋರಿಸಬೇಕು: ಮೇಲ್ನೋಟಕ್ಕೆ ಕೇಸಿನಲ್ಲಿ ಹುರುಳಿದೆ, ಅನುಕೂಲದ ತಕ್ಕಡಿ ತನ್ನತ್ತ ವಾಲಿದೆ, ತಡೆ ಸಿಗದಿದ್ದರೆ ದುಡ್ಡಿನಿಂದ ತುಂಬಲಾಗದ ನಷ್ಟವಾಗುತ್ತದೆ. ಎದುರಾಳಿಗೆ ಮೊದಲು ನೋಟೀಸು ಹೋಗಬೇಕು. ತಡಮಾಡಿದರೆ ಉದ್ದೇಶವೇ ಕೆಡುತ್ತದೆ ಎನ್ನುವಂತಿದ್ದರೆ ಮಾತ್ರ, ಕಾರಣ ಬರೆದಿಟ್ಟು, ಏಕಪಕ್ಷೀಯವಾಗಿ ಕೊಡಬಹುದು. ಹಾಗೆ ಕೊಟ್ಟ ಮೇಲೆ ಮೂವತ್ತು ದಿನದಲ್ಲಿ ಮಧ್ಯಂತರ ಅರ್ಜಿಯನ್ನು ಇತ್ಯರ್ಥ ಮಾಡಲು ಯತ್ನಿಸಬೇಕು. ತಡೆಯಾಜ್ಞೆ ಮೀರಿದವನಿಗೆ ಆಸ್ತಿ ಜಪ್ತಿ, ಮೂರು ತಿಂಗಳವರೆಗೆ ಸಿವಿಲ್ ಜೈಲು.

ಎರಡನೆಯದು ಲೋಕಪಂಥ. ಇದರ ಗುರುಪೀಠ ಕೋರ್ಟಿನ ಎದುರಿನ ಟೀ ಅಂಗಡಿ. ಗ್ರಂಥದಲ್ಲಿರುವ ‘ಯತ್ನಿಸಬೇಕು’ ಎಂಬ ಪದದ ಮೇಲೆ ಈ ಪಂಥದವರು ಬರೆದಿರುವ ಅಲಿಖಿತ ಭಾಷ್ಯ ಮೂಲಕ್ಕಿಂತ ದೊಡ್ಡದು. ಪಂಥದ ಸಾರವೆಲ್ಲ ಒಂದು ಗುರುಶಿಷ್ಯ ಸಂವಾದದಲ್ಲಿದೆ. ‘ಸಾರ್, ನಮ್ ಕೇಸು ಯಾವಾಗ ಮುಗಿಯುತ್ತೆ?’ ಎಂದು ಕಕ್ಷಿದಾರ ಕೇಳಿದ. ‘ಯಾಕ್ರೀ ಮುಗೀಬೇಕು? ಸ್ಟೇ ಇದೆಯಲ್ಲ!’ ಎಂದರು ವಕೀಲರು.

ಇದಕ್ಕೆ ಪ್ರತ್ಯಕ್ಷ ಪ್ರಮಾಣ ಬೇಕಾದವರು ಊರಾಚೆಯ ಯಾವುದೇ ಬಡಾವಣೆಗೆ ಹೋಗಲಿ. ಮುಳ್ಳುತಂತಿಯ ನಡುವೆ ತಗಡಿನ ಬೋರ್ಡು: ‘ಈ ಸ್ವತ್ತು ನ್ಯಾಯಾಲಯದಲ್ಲಿ ವ್ಯಾಜ್ಯದಲ್ಲಿದೆ, ಅತಿಕ್ರಮ ಪ್ರವೇಶ ಮಾಡಬಾರದು.’ ಕೆಳಗೆ ಓ.ಎಸ್. ನಂಬರು, ಅದರ ಮುಂದಿನ ಇಸವಿಯ ಬಣ್ಣ ಮಾಸಿ 2004ರದ್ದೋ 2009ರದ್ದೋ ತಿಳಿಯದು. ಬೋರ್ಡಿನ ಕಂಬಕ್ಕೆ ಹೀರೆಬಳ್ಳಿ ಹಬ್ಬಿದೆ. ದಾವೆಯ ಷೆಡ್ಯೂಲಿನಲ್ಲಿ ಚೆಕ್ಕುಬಂದಿ: ಪೂರ್ವಕ್ಕೆ ಗಾಡಿದಾರಿ, ಪಶ್ಚಿಮಕ್ಕೆ ದೊಡ್ಡಪ್ಪನ ಮಕ್ಕಳ ಜಮೀನು, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಹುಣಸೆಮರ. ಗಾಡಿದಾರಿ ಟಾರು ಕಂಡಿದೆ, ಹಳ್ಳ ಮೋರಿಯಾಗಿದೆ, ಹುಣಸೆಮರ ಉರುಳಿದೆ. ಯಥಾಸ್ಥಿತಿ ಮಾತ್ರ ಯಥಾಸ್ಥಿತಿಯಲ್ಲಿದೆ.

ಈ ಶಾಸ್ತ್ರಕ್ಕೆ ಪಂಚಾಂಗವೂ ಉಂಟು. ಶುಕ್ರವಾರ ಸಂಜೆ, ಎರಡನೇ ಶನಿವಾರದ ಮುನ್ನಾದಿನ, ಸಾಲು ರಜೆಯ ಹಿಂದಿನ ರಾತ್ರಿ, ಇವು ಜೆಸಿಬಿಗೆ ಅಮೃತಸಿದ್ಧಿಯೋಗ. ಸೋಮವಾರ ಕೋರ್ಟು ತೆರೆಯುವಷ್ಟರಲ್ಲಿ ಕಾಂಪೌಂಡು ಇರುವುದಿಲ್ಲ. ಇಲ್ಲದ ಕಾಂಪೌಂಡನ್ನು ಕೆಡವದಂತೆ ತಡೆ ಕೇಳುವುದು ಹೇಗೆ? ಮುಂಜಾಗ್ರತೆಯುಳ್ಳವರು ತಾವೇ ಮೊದಲು ಹೋಗಿ ಕೇವಿಯಟ್ ಹಾಕಿ, ತಮ್ಮ ಮಾತು ಕೇಳದೆ ಆದೇಶ ಮಾಡಬೇಡಿ ಎಂದು ಬೇಡಿಕೊಳ್ಳುತ್ತಾರೆ. ಈ ರಕ್ಷೆಯ ಬಾಳಿಕೆ ತೊಂಬತ್ತು ದಿನ, ಆಮೇಲೆ ಹೊಸದು ಕಟ್ಟಿಸಿಕೊಳ್ಳಬೇಕು.

ತಡೆಯ ಆಯುಸ್ಸು ಎಷ್ಟೆಂಬ ಜಿಜ್ಞಾಸೆ ಸುಪ್ರೀಂ ಕೋರ್ಟನ್ನೂ ಬಿಟ್ಟಿಲ್ಲ. ಕೆಳಕೋರ್ಟಿನ ವಿಚಾರಣೆಗೆ ಬಿದ್ದ ತಡೆ ಆರು ತಿಂಗಳಿಗೆ ತಾನಾಗಿಯೇ ಬಿದ್ದುಹೋಗಬೇಕೆಂದು 2018ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಹಾಗೆ ತಾನಾಗಿ ಬೀಳುವಂತಿಲ್ಲ ಎಂದು ಐವರ ಸಂವಿಧಾನ ಪೀಠ ತಿದ್ದಿತು, ಅದೂ 2024ರ ಫೆಬ್ರುವರಿ 29ರಂದು. ತಡೆಯ ದೀರ್ಘಾಯುಸ್ಸನ್ನು ಕುರಿತ ತೀರ್ಪಿಗೆ ನಾಲ್ಕು ವರ್ಷಕ್ಕೊಮ್ಮೆ ಬರುವ ತಿಥಿ ಸಿಕ್ಕಿದ್ದನ್ನು ಲೋಕಪಂಥದವರು ಕಾಕತಾಳೀಯವೆಂದು ಒಪ್ಪುವುದಿಲ್ಲ.

ಇನ್ನು ಮಾಧ್ಯಮಖಂಡ. ಇದರಲ್ಲಿ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿಗೆ ವಿಶೇಷ ಸ್ಥಾನ. 2021ರ ಮಾರ್ಚ್‌ನಲ್ಲಿ, ಸಿ.ಡಿ. ಗದ್ದಲದಲ್ಲಿ ಮಂತ್ರಿಯೊಬ್ಬರು ರಾಜೀನಾಮೆ ಕೊಟ್ಟ ಬೆನ್ನಿಗೇ, ತಮ್ಮ ಹೆಸರು ಕೆಡಿಸುವ ಸಂಚಿದೆ ಎಂದು ಆರು ಮಂದಿ ಸಚಿವರು ಅರವತ್ತಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳ ಮೇಲೆ ತಡೆ ತಂದರು. ಬರಬಾರದ ಸುದ್ದಿ ಏನೆಂದು ಯಾರಿಗೂ ಗೊತ್ತಿರಲಿಲ್ಲ. ತಡೆ ತಂದದ್ದೇ ಸುದ್ದಿಯಾಗಿ ಮನೆಮನೆ ಮುಟ್ಟಿತು. 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಅಭ್ಯರ್ಥಿಯೊಬ್ಬರು ತಂದಿದ್ದ ಇಂಥದೇ ಆಜ್ಞೆಯನ್ನು ಹೈಕೋರ್ಟ್ ತೆಗೆದುಹಾಕಿತ್ತು. 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಚಾರಣೆಗೆ ಮೊದಲೇ ಲೇಖನ ತಡೆಯುವುದು ಅದಕ್ಕೆ ಮರಣದಂಡನೆ ಕೊಟ್ಟಂತಾದೀತು ಎಂಬರ್ಥದಲ್ಲಿ ಎಚ್ಚರಿಸಿತು.

ಕೊನೆಗೆ ನಿರ್ಗುಣ ಪ್ರತಿವಾದಿಯ ವಿಚಾರ. ಪ್ರತಿವಾದಿಗೆ ಹೆಸರು, ತಂದೆಯ ಹೆಸರು, ವಯಸ್ಸು ಇರಲೇಬೇಕೆಂಬ ಹಳೆಯ ನಂಬಿಕೆಯನ್ನು ಇಂದಿನ ವಿದ್ವಾಂಸರು ಬಿಟ್ಟಿದ್ದಾರೆ. 2002ರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಲೈಸೆನ್ಸಿಲ್ಲದೆ ಪಂದ್ಯ ತೋರಿಸುವ, ಯಾರೆಂದು ಗೊತ್ತಿಲ್ಲದ ಕೇಬಲ್‌ನವರ ಮೇಲೂ ದೆಹಲಿ ಹೈಕೋರ್ಟ್ ಆಜ್ಞೆ ಹೊರಡಿಸಿತು. ಪರದೇಶದಲ್ಲಿ ಜಾನ್ ಡೋ ಎನಿಸಿಕೊಂಡ ಈ ಅನಾಮಿಕ ಇಲ್ಲಿಗೆ ಬಂದು ‘ಅಶೋಕ್ ಕುಮಾರ್’ ಆದ. ಹೊಸ ಸಿನಿಮಾ ತೆರೆಗೆ ಬರುವ ಮುನ್ನ ನಿರ್ಮಾಪಕರು ಪೂಜೆ ಮಾಡಿಸುವಷ್ಟೇ ಭಕ್ತಿಯಿಂದ ಇವನ ಮೇಲೊಂದು ತಡೆ ತರುತ್ತಾರೆ. ಅವನು ವಕಾಲತ್ತು ಹಾಕುವುದಿಲ್ಲ, ತಕರಾರು ಸಲ್ಲಿಸುವುದಿಲ್ಲ, ವಾಯಿದೆ ಕೇಳುವುದಿಲ್ಲ. ಕೇವಿಯಟ್ ಹಾಕೋಣವೆಂದರೆ ಅರ್ಜಿಯಲ್ಲಿ ವಿಳಾಸ ಬರೆಯಬೇಕು.