ನಿಂತ ವಾರ್ತೆ: ನಿರೂಪಕರ ದೇಹಕ್ಕೂ ಸುದ್ದಿಗೂ ಇರುವ ಸಂಬಂಧದ ಕುರಿತು ಒಂದು ಮೀಮಾಂಸೆ

ಟೆಲಿವಿಷನ್ ಸುದ್ದಿ ಕೆಟ್ಟಿದೆ ಎಂಬಲ್ಲಿ ಪಂಡಿತರಿಗೂ ಪಾಮರರಿಗೂ ಭಿನ್ನಾಭಿಪ್ರಾಯವಿಲ್ಲ. ಯಾವುದರಿಂದ ಕೆಟ್ಟಿತು ಎಂಬಲ್ಲಿ ಮಾತ್ರ ಪಂಥಗಳಿವೆ. ಮಾಲೀಕರಿಂದ ಎನ್ನುವವರು ಒಂದು ಪಂಥ, ಟಿಆರ್‌ಪಿಯಿಂದ ಎನ್ನುವವರು ಮತ್ತೊಂದು, ನೋಡುವವರಿಂದಲೇ ಕೆಟ್ಟಿತು ಎನ್ನುವ ಮೂರನೆಯ ಪಂಥದವರು ಸಾಮಾನ್ಯವಾಗಿ ವಾಹಿನಿಗಳಲ್ಲಿ ಸಂಬಳ ಎಣಿಸುವವರು. ಮೂವರೂ ಕಣ್ಣೆದುರಿಗಿರುವ ಸಾಕ್ಷ್ಯವನ್ನು ಬಿಟ್ಟು ಲೆಕ್ಕದ ಪುಸ್ತಕದಲ್ಲಿ ಕಾರಣ ಹುಡುಕಿದ್ದಾರೆ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಹೀಗಿದೆ: ನಿರೂಪಕನ ದೇಹ ತೆರೆಯ ಮೇಲೆ ಎಷ್ಟೆಷ್ಟು ಹೊರಗೆ ಬರುತ್ತದೆಯೋ ಸುದ್ದಿ ಅಷ್ಟಷ್ಟು ಒಳಗೆ ಸರಿಯುತ್ತದೆ. ತರ್ಕಶಾಸ್ತ್ರದ ಧಾಟಿಯಲ್ಲಿ ಹೇಳುವುದಾದರೆ, ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ ಎಂಬಂತೆ, ಎಲ್ಲೆಲ್ಲಿ ದೇಹಾಧಿಕ್ಯವೋ ಅಲ್ಲಲ್ಲಿ ಸುದ್ದಿಯ ಅಭಾವ. ದೇಹಾಧಿಕ್ಯವೆಂದರೆ ತೂಕವಲ್ಲ, ನಿರೂಪಕರ ತೂಕದ ಬಗ್ಗೆ ಪ್ರಬಂಧಕಾರನಿಗೆ ಯಾವ ಅಭಿಪ್ರಾಯವೂ ಇಲ್ಲ. ಮುಖ, ಭುಜ, ಸೊಂಟ, ಮಂಡಿ, ಪಾದ ಎಂಬ ಐದು ಮೆಟ್ಟಿಲುಗಳಲ್ಲಿ ಎಷ್ಟನೆಯದರವರೆಗೆ ಕ್ಯಾಮೆರಾ ಇಳಿದಿದೆ ಎಂಬುದಷ್ಟೇ ಇಲ್ಲಿನ ಅಳತೆ.

ಈ ನ್ಯಾಯವನ್ನು ಮೊದಲು ಕಂಡವರು ಬಿಬಿಸಿಯ ಹಿರಿಯರು. ಕಂಡಿದ್ದೇವೆ ಎಂಬುದು ಅವರಿಗೆ ತಿಳಿದಿರಲಿಲ್ಲ, ಅಷ್ಟೆ. 1954ರ ಜುಲೈ 5ರಂದು ಅವರ ಟೆಲಿವಿಷನ್ ಸುದ್ದಿ ಆರಂಭವಾದಾಗ ಓದುವವರು ತೆರೆಯ ಮೇಲೆ ಇರಲೇ ಇಲ್ಲ. ರಿಚರ್ಡ್ ಬೇಕರ್ ಅವರ ದನಿ ಕಿವಿಗೆ, ನಕ್ಷೆ ಮತ್ತು ಸ್ಥಿರಚಿತ್ರಗಳು ಕಣ್ಣಿಗೆ. ಮುಖ ತೋರಿಸಿದರೆ ಎಲ್ಲಿ ಹುಬ್ಬೊಂದು ಮೇಲೇರಿ ಸಂಸ್ಥೆಯ ನಿಷ್ಪಕ್ಷಪಾತ ಕೆಳಗೆ ಬಿದ್ದೀತೋ ಎಂಬ ಅಳುಕು ಅವರದು. ಮರುವರ್ಷದ ಸೆಪ್ಟೆಂಬರಿನಲ್ಲಿ ಕೆನೆತ್ ಕೆಂಡಾಲ್ ಅವರ ಮುಖ ಕಾಣಿಸಿಕೊಂಡಿತು. ಅದೇ ತಿಂಗಳು ಖಾಸಗಿ ವಾಹಿನಿ ಐಟಿವಿ ಶುರುವಾಗುವುದಿತ್ತು ಎಂಬುದನ್ನು ಸಂಶೋಧಕರು ಅಡಿಗೆರೆ ಎಳೆದು ಓದಿಕೊಳ್ಳಬೇಕು. ಮುಖ ಹೊರಬಂದದ್ದು ಸುದ್ದಿಗೆ ಅದರ ಅಗತ್ಯ ಬಿದ್ದುದರಿಂದಲ್ಲ, ಎದುರಿಗೆ ಇನ್ನೊಂದು ಅಂಗಡಿ ತೆರೆಯುತ್ತದೆಂಬ ದಿಗಿಲಿನಿಂದ. ಮುಂದೆ ಎರಡು ದಶಕ ದೇಹ ಮೇಜಿನ ಮಟ್ಟದಲ್ಲೇ ನಿಂತಿತ್ತು. 1976ರ ಕ್ರಿಸ್‌ಮಸ್ ರಾತ್ರಿ ಮೋರ್ಕಂಬ್ ಮತ್ತು ವೈಸ್ ಜೋಡಿಯ ಹಾಸ್ಯ ಕಾರ್ಯಕ್ರಮದಲ್ಲಿ ಸುದ್ದಿವಾಚಕಿ ಏಂಜೆಲಾ ರಿಪ್ಪನ್ ಮೇಜು ಬಿಟ್ಟು ಎದ್ದುಬಂದು ಕಾಲೆತ್ತಿ ಕುಣಿದರು. ವಾರ್ತೆ ಓದುವವರಿಗೂ ಕಾಲುಗಳಿರುತ್ತವೆ ಎಂಬುದು ಬ್ರಿಟನ್ನಿಗೆ ಅಧಿಕೃತವಾಗಿ ತಿಳಿದದ್ದು ಅಂದೇ. ಅದು ಹಾಸ್ಯ ಕಾರ್ಯಕ್ರಮವಲ್ಲವೇ, ಸುದ್ದಿಗೆ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ, ವಾದದ ತಿರುಳೇ ಅದು: ಆಗ ಕಾಲುಗಳು ಹಾಸ್ಯ ವಿಭಾಗಕ್ಕೆ ಸೇರಿದ್ದವು. 1997ರಲ್ಲಿ ಚಾನೆಲ್ 5ರ ಸುದ್ದಿಯಲ್ಲಿ ಕರ್ಸ್ಟಿ ಯಂಗ್ ಮೇಜಿನ ಹಿಂದೆ ಕೂರುವ ಬದಲು ಮೇಜಿನ ಅಂಚಿಗೆ ಒರಗಿ ವಾರ್ತೆ ಹೇಳತೊಡಗಿದಾಗ ಅವು ಸುದ್ದಿ ವಿಭಾಗಕ್ಕೆ ವರ್ಗವಾದವು. ಹಾಸ್ಯ ವಿಭಾಗ ಅವನ್ನು ವಾಪಸ್ ಕೇಳಿದ ದಾಖಲೆ ಇಲ್ಲ.

ಅಮೆರಿಕದ ಸಾಕ್ಷ್ಯ ಇದಕ್ಕಿಂತ ಗಟ್ಟಿ, ಏಕೆಂದರೆ ಅಲ್ಲಿ ದೇಹಕ್ಕೆ ಬೆಲೆಪಟ್ಟಿಯೂ ಇದೆ. ಸಿಬಿಎಸ್‌ನಲ್ಲಿ 1962ರಿಂದ 1981ರವರೆಗೆ ಸಂಜೆಯ ವಾರ್ತೆ ಹೇಳಿದ ವಾಲ್ಟರ್ ಕ್ರಾಂಕೈಟ್ ಮೇಜಿನ ಮೇಲೆ ಮೊಳಕೈ ಊರಿ, ನಿಮಿಷಕ್ಕೆ 124 ಪದಗಳ ಲೆಕ್ಕದಲ್ಲಿ, ಕೇಳುವವರಿಗೆ ತಿಳಿಯಲೆಂದು ಬೇಕೆಂದೇ ನಿಧಾನಿಸಿ ಮಾತಾಡುತ್ತಿದ್ದರು. 1963ರ ಸೆಪ್ಟೆಂಬರ್ 2ರಂದು ಅವರ ವಾರ್ತೆ 15 ನಿಮಿಷದಿಂದ 30 ನಿಮಿಷಕ್ಕೆ ಏರಿದಾಗ ಹೆಚ್ಚಿದ್ದು ಸುದ್ದಿಯೇ ಹೊರತು ಕ್ರಾಂಕೈಟ್ ಅಲ್ಲ. ಇಲ್ಲಿ ಪೂರ್ವಪಕ್ಷಿಗಳು ತಡೆದು, ಅದೇ ವರ್ಷದ ನವೆಂಬರ್ 22ರಂದು ಕೆನಡಿ ಸಾವಿನ ಸುದ್ದಿ ಓದುವಾಗ ಅವರು ಕನ್ನಡಕ ತೆಗೆದು, ಗೋಡೆ ಗಡಿಯಾರ ನೋಡಿ, ಮತ್ತೆ ಕನ್ನಡಕ ಹಾಕಿಕೊಂಡು, ಗಂಟಲಲ್ಲಿ ಬಂದದ್ದನ್ನು ನುಂಗಿದರಲ್ಲ, ಅದು ದೇಹವಲ್ಲವೇ ಎನ್ನುತ್ತಾರೆ. ಹೌದು, ದೇಹವೇ. ಆದರೆ ಆರು ದಶಕಗಳಾದ ಮೇಲೂ ಆ ಕನ್ನಡಕದ ಮಾತು ಬರುತ್ತದೆಯೆಂದರೆ ಉಳಿದ ಸಂಜೆಗಳಲ್ಲಿ ಆ ದೇಹ ಎಷ್ಟು ಅಡಗಿ ಕೂತಿತ್ತೆಂದು ಲೆಕ್ಕ ಹಾಕಬಹುದು. ಇಂದು ದಿನಕ್ಕೆ ಹತ್ತು ಸಲ ಕನ್ನಡಕ ತೆಗೆದು ಮೇಜಿಗೆ ಬಡಿಯುವವರ ಒಂದು ಬಡಿತವಾದರೂ ಯಾರ ನೆನಪಿನಲ್ಲಿದೆ? ಇನ್ನು ಬೆಲೆಯ ಮಾತು. 1976ರಲ್ಲಿ ಎಬಿಸಿ ವರ್ಷಕ್ಕೆ 10 ಲಕ್ಷ ಡಾಲರ್ ಕೊಟ್ಟು ನಿರೂಪಕಿ ಬಾರ್ಬರಾ ವಾಲ್ಟರ್ಸ್ ಅವರನ್ನು ಕರೆತಂದಿತು. ಅದರಲ್ಲಿ ಅರ್ಧ ಹಣ ಬಂದದ್ದು ಮನರಂಜನಾ ವಿಭಾಗದ ಪೆಟ್ಟಿಗೆಯಿಂದ. ಇಷ್ಟು ಪ್ರಾಮಾಣಿಕವಾದ ಲೆಕ್ಕಪತ್ರ ಈ ಉದ್ಯಮದಲ್ಲಿ ಮತ್ತೆಂದೂ ಬರೆಯಲ್ಪಟ್ಟಂತಿಲ್ಲ. 1987ರ ಮಾರ್ಚಿನಲ್ಲಿ ಸಿಬಿಎಸ್ ತನ್ನ ಸುದ್ದಿ ವಿಭಾಗದ 200ಕ್ಕೂ ಹೆಚ್ಚು ಮಂದಿಯನ್ನು ಮನೆಗೆ ಕಳಿಸಿತು. ಮುಖ ಉಳಿಯಿತು, ಮುಖದ ಹಿಂದೆ ಓಡಾಡುತ್ತಿದ್ದ ಕಾಲುಗಳು ಹೋದವು.

ಹೇತು ಇಲ್ಲೇ ಸಿಗುತ್ತದೆ. ಸುದ್ದಿ ದುಬಾರಿ, ದೇಹ ಅಗ್ಗ. ವರದಿಗಾರನನ್ನೂ ಕ್ಯಾಮೆರಾಮನ್ನನ್ನೂ ಯಾದಗಿರಿಗೆ ಕಳಿಸಿದರೆ ಗಾಡಿ, ಡೀಸೆಲ್, ಲಾಡ್ಜು, ಊಟ. ಅಷ್ಟಾಗಿಯೂ ಅಲ್ಲಿ ಏನೂ ನಡೆದಿಲ್ಲವೆಂದು ಅವರು ತಿಳಿಸುವ ಅಪಾಯ ಬೇರೆ. ನಿರೂಪಕನನ್ನು ಸ್ಟುಡಿಯೋದ ಈ ತುದಿಯಿಂದ ಆ ತುದಿಗೆ ನಡೆಸಲು ಒಂದು ಜೊತೆ ಶೂ ಸಾಕು. ದೂರದರ್ಶನದ ಕಾಲದಲ್ಲಿ ಈ ಆರ್ಥಿಕ ತತ್ತ್ವ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ವಾರ್ತಾವಾಚಕಿ ಸಲ್ಮಾ ಸುಲ್ತಾನ್ ಅವರ ಮುಡಿಯ ಗುಲಾಬಿಯೇ ಆ ಯುಗದ ಗರಿಷ್ಠ ಅಂಗವಿಸ್ತಾರ. 24 ಗಂಟೆ ತುಂಬಿಸಬೇಕಾದ ಕಾಲ ಬಂದಾಗ ತತ್ತ್ವ ತಾನಾಗಿ ಹೊಳೆಯಿತು. 2006ರ ಜನವರಿಯಲ್ಲಿ ಟೈಮ್ಸ್ ನೌ, ಅದೇ ವರ್ಷದ ಡಿಸೆಂಬರಿನಲ್ಲಿ ಕನ್ನಡಕ್ಕೆ ಟಿವಿ9. ಅಲ್ಲಿಂದ ಮುಂದಿನ ವರ್ಷಗಳಲ್ಲಿ ಮೇಜು ಗಾಜಿನದಾಯಿತು, ಆಮೇಲೆ ಕಿರಿದಾಯಿತು, ಆಮೇಲೆ ಮಾಯವಾಯಿತು. ನಿಂತ ದೇಹಕ್ಕೆ ಕೈ ಎಲ್ಲಿಡಬೇಕೆಂಬ ಸಮಸ್ಯೆ ಹುಟ್ಟಿ, ಕೈ ಬೀಸುವುದು ರೂಢಿಗೆ ಬಂತು. ಬೀಸುವ ಕೈಗೆ ವಾಕ್ಯ ಸಾಲದಾಗಿ ಕನ್ನಡದ ಕ್ರಿಯಾಪದ ಉದ್ದವಾಯಿತು. ಕೂತವರು ‘ಮಳೆ ಬರುತ್ತಿದೆ’ ಎಂದು ಮುಗಿಸುತ್ತಿದ್ದ ಕಡೆ ನಿಂತವರು ‘ಮಳೆಯ ಬಗ್ಗೆ ನೋಡ್ತಾ ಹೋಗೋದಾದ್ರೆ, ಮಳೆ ಬರುವಂತಹ ಕೆಲಸ ಆಗ್ತಾ ಇರುವಂಥದ್ದು’ ಎನ್ನುತ್ತಾರೆ. ಮಳೆ ಅಷ್ಟೇ ಬಂದಿರುತ್ತದೆ.

ಮಳೆಯ ಮಾತು ಬಂದದ್ದರಿಂದ, ನ್ಯಾಯದ ಅತ್ಯುಚ್ಚ ಉದಾಹರಣೆಯನ್ನು ಇಲ್ಲೇ ನೋಡಿಬಿಡಬೇಕು. 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಚಂಡಮಾರುತ ಗುಜರಾತಿನ ಕಛ್ ಕರಾವಳಿಗೆ ಅಪ್ಪಳಿಸುವ ಹೊತ್ತಿನಲ್ಲಿ ಹಿಂದಿ ವಾಹಿನಿಯೊಂದರ ನಿರೂಪಕಿ ಸ್ಟುಡಿಯೋದೊಳಗೆ ಕೊಡೆ ಬಿಚ್ಚಿ ನಿಂತರು. ಹಿಂದಿನ ತೆರೆಯಲ್ಲಿ ಬಿರುಗಾಳಿಯ ಚಿತ್ರ. ಕಾಲ ಕೆಳಗೆ ಒಣ ನೆಲ. ಬೀಸದ ಗಾಳಿಗೆ ಅವರು ವಾಲಿದರು, ತೂರಾಡಿದರು, ಕೊಡೆ ಹಾರಿಹೋಗದಂತೆ ಹಿಡಿಕೆಯನ್ನು ಬಿಗಿಯಾಗಿ ಹಿಡಿದುಕೊಂಡರು. ಗಾಳಿಯ ವೇಗ, ಖಾಲಿ ಮಾಡಿಸಿದ ಊರುಗಳು, ಬಂದರಿನ ಸ್ಥಿತಿ ಇವು ಮೂರೂ ಆ ಹೊತ್ತಿನಲ್ಲಿ ಕೊಡೆಯ ಮರೆಯಲ್ಲಿದ್ದವು. ಕೊಡೆಯನ್ನು ದೇಹದ ಭಾಗವೆಂದು ಎಣಿಸಬೇಕೇ ಎಂಬ ಬಗ್ಗೆ ಶಾಸ್ತ್ರಕಾರರಲ್ಲಿ ಚರ್ಚೆಗೆ ಅವಕಾಶವಿದೆ; ಹಿಡಿದ ಕೈಗೆ ಅದರಿಂದ ಒಂದೂವರೆ ಅಡಿ ಉದ್ದ ಹೆಚ್ಚಿತೆಂಬುದು ನಿರ್ವಿವಾದ. ಇದಕ್ಕೂ ಮೊದಲು, 2018ರ ಫೆಬ್ರುವರಿಯಲ್ಲಿ ನಟಿ ಶ್ರೀದೇವಿ ದುಬೈನಲ್ಲಿ ತೀರಿಕೊಂಡಾಗ, ತೆಲುಗು ವಾಹಿನಿಯೊಂದರ ವರದಿಗಾರ ಬಾತ್‌ಟಬ್ಬಿನಲ್ಲಿ ಮಲಗಿ ಸಾವನ್ನು ವಿವರಿಸಿದ್ದುಂಟು. ಕೂತ ದೇಹ ನಿಂತಿತು, ನಿಂತದ್ದು ನಡೆಯಿತು, ನಡೆದದ್ದು ಮಲಗಿತು. ವಿಕಾಸವಾದಿಗಳು ಇನ್ನೇನು ಆಧಾರ ಕೇಳುತ್ತಾರೆ?

ಉಪಮಾನ ಪ್ರಮಾಣಕ್ಕೆ ನಾವು ದೂರ ಹೋಗಬೇಕಿಲ್ಲ. ಯಕ್ಷಗಾನದ ರಂಗದಲ್ಲಿ ಭಾಗವತರು ಜಾಗಟೆ ಹಿಡಿದು ಕೂತಿರುತ್ತಾರೆ, ವೇಷ ನಿಂತು ಕುಣಿಯುತ್ತದೆ. ಕಥೆ ಭಾಗವತರ ಕೈಯಲ್ಲಿದೆ. ವೇಷ ಎಷ್ಟೇ ಆರ್ಭಟಿಸಿದರೂ ಪದ ಎತ್ತಿಕೊಡಬೇಕಾದವರು ಅವರೇ. ಮುಂಡಾಸು ಕಟ್ಟಿದ ಆ ದೇಹ ರಾತ್ರಿಯಿಡೀ ಕಂಡರೂ ಯಾರೂ ಅದನ್ನು ನೋಡಲು ಬಂದಿರುವುದಿಲ್ಲ. ಸುದ್ದಿವಾಹಿನಿಗಳು ಮಾಡಿದ್ದೇನೆಂದರೆ ಭಾಗವತರನ್ನು ಎಬ್ಬಿಸಿ ಅವರಿಗೇ ಬಣ್ಣದ ವೇಷ ಕಟ್ಟಿಸಿದ್ದು. ಈಗ ಅಟ್ಟಹಾಸ ಇದೆ, ಗೆಜ್ಜೆ ಇದೆ, ಎದುರು ವೇಷಗಳಾಗಿ ಎಂಟು ಚೌಕಗಳಲ್ಲಿ ಎಂಟು ವಕ್ತಾರರಿದ್ದಾರೆ. ಪ್ರಸಂಗ ಯಾವುದೆಂದು ಮಾತ್ರ ಬೆಳಗಾದರೂ ತಿಳಿಯುವುದಿಲ್ಲ.

ಇನ್ನು ಪೂರ್ವಪಕ್ಷಗಳು. ಜನರಿಗೆ ಬೇಕಾದ್ದರಿಂದಲೇ ಹೀಗಾಯಿತು, ಪ್ರತಿ ಗುರುವಾರ ಬರುವ ರೇಟಿಂಗ್ ಹೇಳಿದಂತೆ ವಾಹಿನಿಗಳು ಕೇಳುತ್ತವೆ ಎನ್ನುವುದು ಮೊದಲನೆಯದು. ಈ ವಾದವನ್ನು ಪರೀಕ್ಷಿಸಲು ದೈವವೇ ಒಂದು ಪ್ರಯೋಗ ನಡೆಸಿಕೊಟ್ಟಿತು. 2020ರ ಅಕ್ಟೋಬರಿನಲ್ಲಿ, ರೇಟಿಂಗ್ ತಿದ್ದಿದ ಆರೋಪದ ಗದ್ದಲ ಎದ್ದಾಗ, ರೇಟಿಂಗ್ ಅಳೆಯುವ ಬಾರ್ಕ್ ಸಂಸ್ಥೆ ಸುದ್ದಿವಾಹಿನಿಗಳ ರೇಟಿಂಗ್ ಪ್ರಕಟಣೆಯನ್ನು ನಿಲ್ಲಿಸಿತು. ಅದು ಮತ್ತೆ ಬಂದದ್ದು 2022ರ ಮಾರ್ಚಿನಲ್ಲಿ. ಸುಮಾರು 17 ತಿಂಗಳು ಗುರುವಾರಗಳು ರಾಯರ ಮಠಕ್ಕೆ ಮಾತ್ರ ಮೀಸಲಾಗಿದ್ದವು. ಕೂಗೆಂದು ಹೇಳುವವರು ಇಲ್ಲದ ಆ ಅವಧಿಯಲ್ಲಿ ಎಷ್ಟು ನಿರೂಪಕರು ಕುರ್ಚಿ ಎಳೆದುಕೊಂಡು ಕೂತರು? ಪರೀಕ್ಷೆಯೇ ಇಲ್ಲದ ವರ್ಷದಲ್ಲೂ ಉತ್ತರಪತ್ರಿಕೆ ತುಂಬಿಸುತ್ತಿದ್ದವರನ್ನು ನೋಡಿ, ಪ್ರಶ್ನೆಪತ್ರಿಕೆಯೇ ಕಾರಣ ಎನ್ನಲಾಗದು. ಅಭ್ಯಾಸ ಬೆನ್ನುಮೂಳೆಗೆ ಇಳಿದಿತ್ತು.

ಎರಡನೆಯದು ಪ್ರಬಲ ಪೂರ್ವಪಕ್ಷ, ಅದನ್ನು ಹಗುರವಾಗಿ ದಾಟುವಂತಿಲ್ಲ. ದೂರದರ್ಶನದಲ್ಲಿ ದೇಹವಿರಲಿಲ್ಲ ಸರಿ, ಸುದ್ದಿಯಾದರೂ ಎಲ್ಲಿತ್ತು? ಮಂತ್ರಿಗಳು ದೀಪ ಹಚ್ಚುತ್ತಿದ್ದರು, ಟೇಪು ಕತ್ತರಿಸುತ್ತಿದ್ದರು. 1984ರ ಅಕ್ಟೋಬರ್ 31ರಂದು ಬೆಳಗ್ಗೆ ಗುಂಡೇಟು ತಿಂದ ಪ್ರಧಾನಿಯ ಸಾವನ್ನು ಸರ್ಕಾರಿ ಮಾಧ್ಯಮ ದೇಶಕ್ಕೆ ಹೇಳಿದ್ದು ಸಂಜೆ. ಬಿಬಿಸಿ ರೇಡಿಯೋ ಕೇಳಿದವರಿಗೆ ಅದು ಅಷ್ಟರಲ್ಲಿ ಹಳೆಯ ವಿಷಯ. ಸಲ್ಮಾ ಸುಲ್ತಾನ್ ಅದನ್ನು ಓದಿದ ಘನತೆಯನ್ನು ಇಂದೂ ಮೆಚ್ಚಬಹುದು, ತಡವನ್ನು ಮೆಚ್ಚಲಾಗದು. ಹಾಗಾದರೆ ಮೇಜು ಮುಚ್ಚಿದ್ದು ಕಾಲುಗಳನ್ನೋ, ಸತ್ಯವನ್ನೋ? ಉತ್ತರ ತರ್ಕದಲ್ಲಿಯೇ ಇದೆ. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ ನಿಜ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಬೇಕಿಲ್ಲ. ಇದಕ್ಕೆ ಶಾಸ್ತ್ರದಲ್ಲಿ ಕಾದ ಕಬ್ಬಿಣದ ಗುಂಡು ದೃಷ್ಟಾಂತ. ದೇಹವಿದ್ದಲ್ಲಿ ಸುದ್ದಿ ಇರುವುದಿಲ್ಲ ಎಂದು ನಾವು ಹೇಳಿದೆವೇ ಹೊರತು, ದೇಹ ತೆಗೆದ ಕೂಡಲೇ ಸುದ್ದಿ ತುಂಬಿ ಹರಿಯುತ್ತದೆ ಎಂದಲ್ಲ. ಆ ಕಾಲದ ದೂರದರ್ಶನ ಕಾದ ಕಬ್ಬಿಣದ ಗುಂಡು. ಸುದ್ದಿಯನ್ನು ಇಲ್ಲವಾಗಿಸಲು ಸರ್ಕಾರಕ್ಕೆ ಒಂದು ಫೋನ್ ಸಾಕಾಗಿತ್ತು. ಖಾಸಗಿಯವರು ಅದೇ ಕೆಲಸಕ್ಕೆ ಗಂಟಲು ಹರಿದುಕೊಳ್ಳಬೇಕಾಗಿದೆ. ಶ್ರಮದ ದೃಷ್ಟಿಯಿಂದ ಇವರ ಮೇಲೆ ಕನಿಕರ ಪಡುವುದೇ ನ್ಯಾಯ.

1987ರ ಸೆಪ್ಟೆಂಬರ್ 11ರ ಪ್ರಕರಣವೂ ಇದೇ ಗುಂಡಿನ ಜಾತಿಯದು. ಟೆನಿಸ್ ಪಂದ್ಯ ತಮ್ಮ ವಾರ್ತೆಯ ಸಮಯವನ್ನು ತಿನ್ನುತ್ತಿದೆಯೆಂದು ಮುನಿಸಿಕೊಂಡು ನಿರೂಪಕ ಡ್ಯಾನ್ ರಾದರ್ ಸೆಟ್ಟಿನಿಂದ ಹೊರಟುಹೋದರು, ಪಂದ್ಯ ಬೇಗ ಮುಗಿಯಿತು, ಸಿಬಿಎಸ್‌ನಲ್ಲಿ ಆರು ನಿಮಿಷ ಕಪ್ಪು ತೆರೆ. ದೇಹ ಸೊನ್ನೆ, ಸುದ್ದಿಯೂ ಸೊನ್ನೆ. ಆದರೂ ಆ ಆರು ನಿಮಿಷಗಳಲ್ಲಿ ಒಂದೇ ಒಂದು ತಪ್ಪು ಮಾಹಿತಿ ಪ್ರಸಾರವಾಗಲಿಲ್ಲ ಎಂಬುದನ್ನು ಇತಿಹಾಸಕಾರರು ಬೇಕೆಂದೇ ಮರೆತಿದ್ದಾರೆ.

ಕೊನೆಯ ಆಕ್ಷೇಪ ಯಂತ್ರದ್ದು. 2023ರಲ್ಲಿ ಆಜ್ ತಕ್‌ಗೆ ಸನಾ, ಒಡಿಶಾದ ಒಟಿವಿಗೆ ಲೀಸಾ, ಕನ್ನಡದ ಪವರ್ ಟಿವಿಗೆ ಸೌಂದರ್ಯ ಎಂಬ ಕೃತಕ ಬುದ್ಧಿಯ ನಿರೂಪಕಿಯರು ಬಂದರು. 2024ರ ಮೇ ತಿಂಗಳಲ್ಲಿ ಡಿಡಿ ಕಿಸಾನ್‌ಗೆ ಕೃಷ್ ಮತ್ತು ಭೂಮಿ ಬಂದರು. ಇವರ ದೇಹ ಕಾಣುತ್ತದೆ, ಆದರೆ ಇಲ್ಲ; ಇಲ್ಲ, ಆದರೂ ಕಾಣುತ್ತದೆ. ವೇದಾಂತಿಗಳಿಗೆ ಇದು ಹಬ್ಬ, ನಮಗೆ ಅಷ್ಟೇನೂ ತೊಡಕಲ್ಲ. ಇರದ ದೇಹಕ್ಕೆ ಬೆವರಿಲ್ಲ, ರಾತ್ರಿ ಒಂಬತ್ತಕ್ಕೆ ಸಿಟ್ಟು ಬರುವುದಿಲ್ಲ. ಡಿಡಿ ಕಿಸಾನ್ ಆ ಇಬ್ಬರಿಗೆ ವಹಿಸಿದ್ದು ಹವಾಮಾನ, ಮಂಡಿ ದರದಂಥ ಕೆಲಸ, ಅಂದರೆ ಸುದ್ದಿ. ದೇಹವಿಲ್ಲದ ದನಿಯ ವಿಶ್ವಾಸಾರ್ಹತೆಗೆ ಇನ್ನೂ ಗಟ್ಟಿ ಸಾಕ್ಷಿ ನೆಲದಡಿಯಲ್ಲಿದೆ. ದೂರದರ್ಶನದಲ್ಲಿ ವಾರ್ತೆ ಓದುತ್ತಿದ್ದ ಶಮ್ಮಿ ನಾರಂಗ್ ಮತ್ತು ರಿನಿ ಸೈಮನ್ ಖನ್ನಾ ಅವರ ದನಿಗಳು ದೆಹಲಿ ಮೆಟ್ರೋಗೆ ಸೇರಿದವು. ನಮ್ಮ ಮೆಟ್ರೋಗೆ ಕನ್ನಡದ ದನಿಯಾದವರು ಚಂದನದ ನಿರೂಪಣೆಯಿಂದ ಮನೆಮಾತಾಗಿದ್ದ ಅಪರ್ಣಾ. 2024ರ ಜುಲೈನಲ್ಲಿ ಅವರು ತೀರಿಕೊಂಡಾಗ ಮುಖ ಸರಿಯಾಗಿ ನೆನಪಿಲ್ಲದವರಿಗೂ ದನಿ ನೆನಪಿತ್ತು. ಬಾಗಿಲು ಎಡಕ್ಕೆ ತೆರೆಯುತ್ತದೆ ಎಂದು ಆ ದನಿ ಹೇಳಿದರೆ ಎಡಕ್ಕೇ ತೆರೆಯುತ್ತದೆ. ಬಲಕ್ಕೇಕೆ ತೆರೆಯಬಾರದು ಎಂದು ಎಂಟು ಜನರನ್ನು ಕೂರಿಸಿ ಚರ್ಚೆ ನಡೆಸುವುದಿಲ್ಲ.

ಸಿದ್ಧಾಂತ ಇಷ್ಟು ಸ್ಥಿರವಾದ ಮೇಲೆ ಪರಿಹಾರ ಸೂಚಿಸುವುದು ಪ್ರಬಂಧಕಾರನ ಕರ್ತವ್ಯ. ಸಂಹಿತೆ, ಸ್ವಯಂ ನಿಯಂತ್ರಣ, ಮಾರ್ಗಸೂಚಿ ಇವೆಲ್ಲ ಬುದ್ಧಿಗೆ ಹೇಳುವ ಮಾತುಗಳು. ರೋಗ ಇರುವುದು ದೇಹದಲ್ಲಿ. ಕಾರಿನ ಹಿಂದಿನ ಸೀಟಿನವರಿಗೂ ಬೆಲ್ಟ್ ಕಡ್ಡಾಯ ಮಾಡಿರುವ ಸರ್ಕಾರ ಸುದ್ದಿ ಸ್ಟುಡಿಯೋದ ಕುರ್ಚಿಗೂ ಅದನ್ನು ವಿಸ್ತರಿಸಿದರೆ ಸಾಕು. ಕುರ್ಚಿಗೆ ನಾಲ್ಕು ಕಾಲುಗಳಿರಬೇಕು, ಚಕ್ರ ಇರಕೂಡದು. ಮೇಜು ತೇಗದ್ದಾಗಲಿ ಹಲಸಿನದ್ದಾಗಲಿ, ಆಚೆ ಕಾಣದಷ್ಟು ದಪ್ಪವಿರಲಿ. ಬೆಲ್ಟ್ ಬಿಚ್ಚಿದ ಕೂಡಲೇ ಮೈಕ್ ತಾನಾಗಿ ಬಂದ್ ಆಗುವ ಸರಳ ಸ್ವಿಚ್ಚನ್ನು ನಮ್ಮ ಪೀಣ್ಯದ ಯಾವ ವರ್ಕ್‌ಶಾಪಿನವರಾದರೂ ಮಾಡಿಕೊಡುತ್ತಾರೆ. ಇದರಿಂದ ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಯಾರೂ ಕೋರ್ಟಿಗೆ ಹೋಗಲಾರರು; ಸಂವಿಧಾನದ 19ನೇ ವಿಧಿ ಮಾತಿಗೂ ಸಂಚಾರಕ್ಕೂ ಹಕ್ಕು ಕೊಟ್ಟಿರುವುದು ನಿಜವಾದರೂ, ಎರಡನ್ನೂ ಏಕಕಾಲಕ್ಕೆ ಕ್ಯಾಮೆರಾದ ಎದುರೇ ಚಲಾಯಿಸಬೇಕೆಂದು ಎಲ್ಲೂ ಬರೆದಿಲ್ಲ.