ಕೆಥೆಡ್ರಲ್‌ಗೆ ಸೆಲೋಟೇಪ್ ಸೇವೆ

1666ರ ಲಂಡನ್ ಬೆಂಕಿಯಲ್ಲಿ ಹಳೆಯ ಸೇಂಟ್ ಪಾಲ್ಸ್ ಕೆಥೆಡ್ರಲ್ ಉರಿದುಹೋಯಿತು. ಇಷ್ಟು ದಪ್ಪ ಕಲ್ಲುಗೋಡೆಗೆ ಬೆಂಕಿ ಏನು ಮಾಡೀತು ಎಂದು ನಂಬಿ ಪುಸ್ತಕ ವ್ಯಾಪಾರಿಗಳು ತಮ್ಮ ಸರಕನ್ನು ಅದರ ನೆಲಮಾಳಿಗೆಯಲ್ಲಿ ತುಂಬಿಟ್ಟಿದ್ದರು, ಅದೂ ಬೂದಿ. ಪ್ರಾಗ್‌ನಿಂದ ಬಂದಿದ್ದ ವೆನ್ಸೆಸ್ಲಾಸ್ ಹಾಲರ್ ಮಾತ್ರ, ವಿಲಿಯಂ ಡಗ್‌ಡೇಲ್‌ನ 1658ರ ಗ್ರಂಥಕ್ಕಾಗಿ, ಆ ಗಾಥಿಕ್ ಕಟ್ಟಡದ ಕಂಬ, ಕಮಾನು, ಕಿಟಕಿಗಳನ್ನು ತಾಮ್ರದ ತಗಡಿನ ಮೇಲೆ ಗೀರಿ, ಆಮ್ಲಕ್ಕೆ ಒಡ್ಡಿ, ಎಚಿಂಗ್ ಮಾಡಿಟ್ಟಿದ್ದ. ಬೆಂಕಿಯಿಂದ ಪಾರಾದ ಆ ಹಾಳೆಗಳು ಈಗ ಅಭಿಮಾನಿಗಳ ಕೈಗೆ ಸಿಕ್ಕಿವೆ.

ಮೊದಲ ಪೂಜೆ ವ್ಯಾಪಾರಿಯದು. ಇಡೀ ಪುಸ್ತಕಕ್ಕೆ ಒಬ್ಬನೇ ಗಿರಾಕಿ. ಹರಿದು ಮಾರಿದರೆ ಹಾಳೆಗೊಬ್ಬ. ಎರಡನೆಯದು ಕಟ್ಟು ಹಾಕುವವನದು. ಚಿತ್ರ ದೊಡ್ಡದು, ಚೌಕಟ್ಟು ಚಿಕ್ಕದು. ಕತ್ತರಿ ಬೀಳುವುದು ಚಿತ್ರಕ್ಕೇ. ತಗಡು ಕಾಗದದಲ್ಲಿ ಒತ್ತಿದ ಗುರುತು, ಅದರಾಚೆಯ ಖಾಲಿ ಅಂಚು ಕಸದಬುಟ್ಟಿಗೆ ಹೋಗುತ್ತವೆ, ಬೆಲೆಯೂ ಅವುಗಳ ಹಿಂದೆಯೇ. ಉಳಿದದ್ದನ್ನು ಅಗ್ಗದ ರಟ್ಟಿಗೆ ಗೋಂದಿನಿಂದ ಅಂಟಿಸಿ, ಬಿಟ್ಟುಕೊಂಡ ಕಡೆ ಸೆಲೋಟೇಪ್ ಸೇವೆ ಸಲ್ಲಿಸುತ್ತಾರೆ. ರಟ್ಟಿನ ಆಮ್ಲ ಹಾಳೆಯನ್ನು ಕಂದಾಗಿಸಿದರೆ ಮನೆಯವರಿಗೆ ಸಂತೋಷ: ‘ನೋಡಿ, ಎಷ್ಟು ಹಳೇದು!’

ಇನ್ನು ಬೆಲೆ ಕಟ್ಟುವ ಶಾಸ್ತ್ರ. ಸೇಂಟ್ ಪಾಲ್ಸ್‌ನ ಶಿಖರ 1561ರಲ್ಲಿ ಸಿಡಿಲಿಗೆ ಸುಟ್ಟಿತು. ಹಾಲರ್ ಹುಟ್ಟಿದ್ದು 1607ರಲ್ಲಿ. ಆದರೂ ಶಿಖರ ಸಮೇತವಾಗಿಯೂ ಆತ ಒಂದು ನೋಟ ಬರೆದುಕೊಟ್ಟಿದ್ದಾನೆ. ಅದನ್ನು ಕಂಡ ಮಾಲೀಕ ತಕ್ಷಣ ಲೆಕ್ಕ ಹಾಕುತ್ತಾನೆ: ಶಿಖರ ಇದೆ, ಆದ್ದರಿಂದ ಚಿತ್ರ ಸಿಡಿಲಿಗಿಂತ ಹಳೆಯದು, ಇನ್ನೊಂದು ಸೊನ್ನೆ ಸೇರಿಸಿ! ಮತ್ತೊಬ್ಬ ‘ಪೆನ್ಸಿಲ್ ಸಹಿ ಎಲ್ಲಿ?’ ಎಂದು ಗದರುತ್ತಾನೆ. ಎಚಿಂಗ್ ಕೆಳಗೆ ಪೆನ್ಸಿಲ್ ಸಹಿ ಹಾಕುವ ರೂಢಿ ಬೆಳೆದದ್ದು 19ನೇ ಶತಮಾನದ ಕೊನೆಯಲ್ಲಿ. ಹಾಲರನ ಪೆನ್ಸಿಲ್ ಸಹಿ ಯಾರಾದರೂ ತೋರಿಸಿದರೆ, ಸ್ವಾಮಿ, ಜೇಬು ಭದ್ರ ಮಾಡಿಕೊಳ್ಳಿ. ಭೂತಗನ್ನಡಿಯಲ್ಲಿ ಗೆರೆಯ ಬದಲು ಸಾಲು ಸಾಲು ಚುಕ್ಕೆ ಕಂಡರೆ ಅದು ಫೋಟೊ ತೆಗೆದು ಅಚ್ಚು ಹಾಕಿದ್ದು. ಇಷ್ಟು ನೋಡುವ ತಾಳ್ಮೆ ಯಾರಿಗಿದೆ? ವಯಸ್ಸೇ ಬೆಲೆ ಎಂದು ನಂಬಿದವರಿಗೆ ಗೆರೆಯ ಚೂಪು, ಅಂಚು, ಕಾಗದದ ಸ್ಥಿತಿ ಎಲ್ಲ ಅಧಿಕಪ್ರಸಂಗ.

2,500ಕ್ಕೂ ಹೆಚ್ಚು ತಗಡುಗಳನ್ನು ಕೊರೆದ ಹಾಲರ್, ಮರಳು ಗಡಿಯಾರ ಎದುರಿಟ್ಟುಕೊಂಡು ಗಂಟೆಗೆ ನಾಲ್ಕು ಪೆನ್ನಿಯಂತೆ ದುಡಿದನೆಂದು ಹೇಳುತ್ತಾರೆ. 1677ರಲ್ಲಿ ಬಡವನಾಗಿಯೇ ಸತ್ತ. ಅವನ ಕೈಗೆಲಸಕ್ಕೆ ಆಗಲೂ ಬೆಲೆ ಕಟ್ಟುವವರಿದ್ದರು, ಕೊಡುವವರಿರಲಿಲ್ಲ.

ನಿಮ್ಮ ಗೋಡೆಯಲ್ಲೂ ಇಂಥದೊಂದು ಹಾಳೆ ಇದ್ದರೆ ಬಿಸಿಲಿನಿಂದ, ಬಚ್ಚಲ ಗೋಡೆಯಿಂದ ದೂರ ಸರಿಸಿ. ಆಮ್ಲವಿಲ್ಲದ ರಟ್ಟು, ಜಪಾನಿ ಕಾಗದದ ಸಣ್ಣ ಪಟ್ಟಿ, ಗೋಧಿ ಪಿಷ್ಟದ ಅಂಟು ಸಾಕು. ಕಲೆ ತೆಗೆಯಲು ಮನೆಯ ಬ್ಲೀಚಿಂಗ್ ಡಬ್ಬಿ ತೆರೆಯಬೇಡಿ. ಕಾಗದ ಸಂರಕ್ಷಣೆ ಬಲ್ಲವರಿಗೆ ತೋರಿಸಿ. ಕತ್ತರಿಯನ್ನು ದಯವಿಟ್ಟು ಅಡುಗೆಮನೆಯಲ್ಲೇ ಬಿಡಿ.